ಆಟದ ದೋಣಿಯ ಪ್ರೊಪೆಲ್ಲರು: ಅದನ್ನು ಹದಗೊಳಿಸಿ ತರಿಸುವ ಕ್ರಮ

ಕ್ರಿ. ಶ. 1835ರಲ್ಲಿ ಇಂಗ್ಲೆಂಡಿನ ಹೆಂಡನ್ ಎಂಬ ಊರಿನಲ್ಲಿ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ಎಂಬ ರೈತನು ಒಂದು ಪುಟ್ಟ ದೋಣಿಯನ್ನು ಕಟ್ಟಿ, ಅದಕ್ಕೆ ಮರದ ತಿರುಪೊಂದನ್ನು ಜೋಡಿಸಿ, ಸ್ಪ್ರಿಂಗಿನ ಬಲದಿಂದ ಕೊಳದ ನೀರಿನಲ್ಲಿ ಓಡಿಸಿ ನೋಡಿದನು. ಮರುವರ್ಷವೇ ಅವನಿಗೆ ಈ ಯುಕ್ತಿಯ ಹಕ್ಕುಪತ್ರವು ದೊರೆಯಿತು. 1837ರಲ್ಲಿ ಅವನ ದೊಡ್ಡ ದೋಣಿಯು ಕಾಲುವೆಯಲ್ಲಿ ಸಾಗುತ್ತಿದ್ದಾಗ ಎರಡು ಸುತ್ತಿನ ಆ ಮರದ ತಿರುಪಿನಲ್ಲಿ ಅರ್ಧವು ಮುರಿದುಹೋಯಿತು. ದೋಣಿಯು ನಿಲ್ಲಬೇಕಾಗಿತ್ತಲ್ಲವೆ? ನಿಲ್ಲಲಿಲ್ಲ, ಮೊದಲಿಗಿಂತ ವೇಗವಾಗಿ ಓಡಿತು! ಪ್ರೊಪೆಲ್ಲರಿನ ಆಕಾರದಲ್ಲಿ ಆಗುವ ಅಲ್ಪ ವ್ಯತ್ಯಾಸವೂ ದೋಣಿಯ ನಡೆಯನ್ನು ಎಷ್ಟು ಮಾರ್ಪಡಿಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ಬೇಕಿಲ್ಲ.

ಸ್ಮಿತ್ತನಿಗೆ ಅಕಸ್ಮಾತ್ತಾಗಿ ಲಭಿಸಿದುದನ್ನು ಈಗಿನವರು ಅರದಿಂದಲೂ ಅಳತೆಗೋಲಿನಿಂದಲೂ ಬುದ್ಧಿಪೂರ್ವಕವಾಗಿ ಸಾಧಿಸುವರು. ವಿದ್ಯುನ್ಮೋಟಾರಿನ ಆಟದ ದೋಣಿಗಳಿಗೆ ಪ್ರೊಪೆಲ್ಲರನ್ನು ಹದಗೊಳಿಸಿ ತರಿಸುವ ಬಗೆ ಹೇಗೆಂದು ನಮ್ಮ ವಾಚಕಿಯರಲ್ಲಿ ಯಂತ್ರವಿದ್ಯೆಯಲ್ಲಿ ಆಸಕ್ತರಾದವರು ತಿಳಿಯಬಯಸುವರೆಂದು ನಂಬಿ, ನಾವು ಕಂಡುಕೊಂಡಷ್ಟನ್ನು ಇಲ್ಲಿ ವಿವರಿಸುವೆವು.

ಮೊದಲು ಎರಡು ಅಳತೆಗಳನ್ನು ಅರಿತಿರಬೇಕು. ಒಂದು, ಪ್ರೊಪೆಲ್ಲರಿನ ವ್ಯಾಸ. ಇನ್ನೊಂದು ಅದರ ಸಾಗು, ಅಂದರೆ ಅದು ಒಂದು ಸುತ್ತು ತಿರುಗಿದಾಗ, ಮರದೊಳಕ್ಕೆ ಇಳಿಯುವ ತಿರುಪುಮೊಳೆಯಂತೆ, ಎಷ್ಟು ದೂರ ಮುಂದರಿಯಬೇಕೋ ಅಷ್ಟು. ಅಮೇರಿಕದ ಆಕ್ಟೂರಾ ಎಂಬ ಪ್ರಸಿದ್ಧ ಪ್ರೊಪೆಲ್ಲರುಗಳಲ್ಲಿ ‘ಎಕ್ಸ್ 442’ ಎಂಬ ಗುರುತನ್ನು ತೆಗೆದುಕೊಳ್ಳೋಣ. ಇದರಲ್ಲಿ 42 ಎಂಬುದು ಮಿಲ್ಲಿಮೀಟರುಗಳಲ್ಲಿ ವ್ಯಾಸವು. ಮೊದಲಿನ 4 ಎಂಬುದು ಸಾಗು ವ್ಯಾಸದ 1.4ರಷ್ಟಿದೆಯೆಂಬುದರ ಸಂಕೇತವು. ಆದುದರಿಂದ ಸಾಗು 58.8 ಮಿಲ್ಲಿಮೀಟರು. ಇದು ನಿಮಿಷಕ್ಕೆ 25,000 ಸುತ್ತು ತಿರುಗಿದರೆ ಲೆಕ್ಕದ ಪ್ರಕಾರ ದೋಣಿಯು ನಿಮಿಷಕ್ಕೆ 1,470 ಮೀಟರು, ಅಂದರೆ ಗಂಟೆಗೆ ಸುಮಾರು 88 ಕಿಲೋಮೀಟರು ಹೋಗತಕ್ಕದ್ದು. ಆದರೆ ನೀರು ಮರದಂತೆ ಗಟ್ಟಿಯಲ್ಲ. ಅದು ಜಾರುವ ಕಾರಣ ನಿಜವಾದ ವೇಗವು ಇದಕ್ಕಿಂತ ಕಡಮೆಯಾಗಿಯೇ ಇರುವುದು.

ಹಾಗಾದರೆ ದೊಡ್ಡ ಪ್ರೊಪೆಲ್ಲರನ್ನು ಹಾಕಿದರಾಯಿತಲ್ಲ ಎಂದು ಕೆಲವರು ಹೇಳಬಹುದು. ಇಲ್ಲಿಯೇ ಅನೇಕರು ಮೋಸಹೋಗುವುದು. ಒಂದೇ ಮಾದರಿಯ ಪ್ರೊಪೆಲ್ಲರುಗಳು ಒಂದೇ ಸುತ್ತಿನ ವೇಗದಲ್ಲಿ ತಿರುಗುವಾಗ ಅವು ಬೇಡುವ ಶಕ್ತಿಯು ವ್ಯಾಸದ ಐದನೆಯ ಘಾತದಂತೆ ಏರುವುದು. 40 ಮಿಲ್ಲಿಮೀಟರಿನದನ್ನು ತೆಗೆದು 44ರದನ್ನು ಹಾಕಿದರೆ, ವ್ಯಾಸದಲ್ಲಿ ನೂರಕ್ಕೆ ಹತ್ತು ಮಾತ್ರ ಹೆಚ್ಚಿದರೂ, ಮೋಟಾರಿನ ಹೊರೆಯು ನೂರಕ್ಕೆ ಅರುವತ್ತೊಂದರಷ್ಟು ಹೆಚ್ಚುವುದು. ಮೋಟಾರು ಸುಟ್ಟುಹೋಗುವುದಕ್ಕೆ ಇಷ್ಟು ಸಾಕು.

ಇನ್ನು ಹದಗೊಳಿಸುವ ಕೆಲಸವನ್ನು ಹೇಳುವೆವು. ಓಟದ ದೋಣಿಗಳ ಲೋಹದ ಪ್ರೊಪೆಲ್ಲರುಗಳು ಬಹುಮಟ್ಟಿಗೆ ಬೆರಿಲಿಯಂ ಬೆರೆತ ತಾಮ್ರದಲ್ಲಿ ಎರಕ ಹೊಯ್ದವುಗಳು. ಎರಕದಿಂದ ಬಂದ ಪ್ರೊಪೆಲ್ಲರು ಅಕ್ಕಸಾಲೆಯ ಮೂಸೆಯಿಂದ ಆಗ ತಾನೆ ಹೊರಬಂದ ಒಡವೆಯಂತೆ ಒರಟಾಗಿರುವುದು. ಅಲಗುಗಳು ದಪ್ಪ, ಅಂಚುಗಳು ಮೊಂಡು. ನಿಪುಣನಾದ ಕೆಲಸಗಾರನು ಮೊದಲು ಎರಕದ ಗೆರೆಗಳನ್ನು ತೆಗೆಯುವನು. ಅಲಗಿನ ಬೆನ್ನನ್ನು ತೆಳ್ಳಗೆ ಮಾಡುವನು. ನೀರನ್ನು ಸೀಳುವ ಮುಂಚಂಚನ್ನು ಹರಿತಗೊಳಿಸುವನು. ಎರಡು ಅಲಗುಗಳ ಸಾಗನ್ನು ಅಳೆದು ಸಮಮಾಡುವನು. ಬೇಕಾದಲ್ಲಿ ಹಿಂದಂಚನ್ನು ತುಸು ಬಾಗಿಸಿ ನೀರಿನ ಮೇಲಣ ಹಿಡಿತವನ್ನು ಹೆಚ್ಚಿಸುವನು. ಕಡೆಗೆ ತೂಕವನ್ನು ಸರಿದೂಗಿಸಿ ಮೆರುಗು ಕೊಡುವನು.

ಇವುಗಳಲ್ಲಿ ತೂಗಿಸುವಿಕೆಯೇ ಮುಖ್ಯವಾದುದು. ಅಕ್ಷದಿಂದ 15 ಮಿಲ್ಲಿಮೀಟರು ದೂರದಲ್ಲಿ ಒಂದು ಅಲಗು ಇನ್ನೊಂದಕ್ಕಿಂತ ಗ್ರಾಮಿನ ಹತ್ತನೆಯ ಒಂದು ಪಾಲು ಹೆಚ್ಚು ಭಾರವಾಗಿದ್ದರೂ, ನಿಮಿಷಕ್ಕೆ 25,000 ಸುತ್ತಿನಲ್ಲಿ ಅದು ಅಚ್ಚನ್ನು ಸುಮಾರು ಒಂದು ಕಿಲೋಗ್ರಾಮಿನ ಭಾರದಷ್ಟು ಬಲದಿಂದ ಪಕ್ಕಕ್ಕೆ ಎಳೆಯುವುದು. ನಾವು ಮೊದಲು ಕಟ್ಟಿದ ದೋಣಿಯು ನೀರಿಗಿಳಿದೊಡನೆ ಗಡಗಡನೆ ನಡುಗಿ, ಕೆಲವೇ ದಿನಗಳಲ್ಲಿ ಅಚ್ಚಿನ ತೊಟ್ಟಿಲನ್ನು ಸವೆಯಿಸಿಬಿಟ್ಟಿತು. ಮೋಟಾರೇ ಕೆಟ್ಟದ್ದೆಂದು ನಾವು ಅದನ್ನು ಬಯ್ದುದುಂಟು. ತಪ್ಪು ಮೋಟಾರಿನದಾಗಿರಲಿಲ್ಲ, ತೂಗಿ ನೋಡದ ನಮ್ಮದಾಗಿತ್ತು.

ಅನಂತರ ನಾವು ಇನ್ನೂ ದೊಡ್ಡ ತಪ್ಪನ್ನು ಮಾಡಿದೆವು. ಹಣವನ್ನುಳಿಸುವ ಆಶೆಯಿಂದ ಊಟದ ಮೇಜಿನ ಮೇಲೆಯೇ ಪ್ರೊಪೆಲ್ಲರನ್ನಿಟ್ಟು ಒಣ ಅರದಿಂದ ಉಜ್ಜತೊಡಗಿದೆವು. ಹೊಂಬಣ್ಣದ ಪುಡಿಯು ಮೇಜಿನ ಮೇಲೆಲ್ಲ ಹರಡಿತು. ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಮಗುವು ಅದನ್ನು ಬೆರಳಿನಿಂದ ಬಳಿದು ಆಡುತ್ತಿತ್ತು. ಬೆರಿಲಿಯಂ ಲೋಹದ ಧೂಳು ಉಸಿರಿನೊಡನೆ ಶ್ವಾಸಕೋಶವನ್ನು ಹೊಕ್ಕರೆ ವಾಸಿಯಾಗದ ರೋಗವನ್ನುಂಟುಮಾಡಬಲ್ಲದೆಂದೂ, ಆ ರೋಗವು ಎಷ್ಟೋ ವರ್ಷಗಳ ಮೇಲೆ ತಲೆದೋರಬಹುದೆಂದೂ ಆಮೇಲೆ ಓದಿ ತಿಳಿದಾಗ ನಮ್ಮ ಎದೆಯು ನಡುಗಿತು. ಗಟ್ಟಿಯಾದ ಪ್ರೊಪೆಲ್ಲರನ್ನು ಕೈಯಲ್ಲಿ ಹಿಡಿಯುವುದರಿಂದ ಕೇಡಿಲ್ಲ. ಅದರ ಪುಡಿಯೇ ಅಪಾಯಕರವು. ಕೆಲಸವನ್ನು ಬಲ್ಲವರು ನೀರಿನಲ್ಲಿ ನೆನೆಯಿಸಿಯೇ ಉಜ್ಜುವರು. ತಕ್ಕ ಮುಖವಾಡವನ್ನು ಧರಿಸುವರು. ಕೆಸರು ಒಣಗುವ ಮೊದಲೇ ಒದ್ದೆಬಟ್ಟೆಯಿಂದ ಒರಸಿ ತೆಗೆಯುವರು. ಪೊರಕೆಯಿಂದ ಎಂದಿಗೂ ಗುಡಿಸರು. ಇಂಥ ಏರ್ಪಾಡಿಲ್ಲದ ಮನೆಯಲ್ಲಿ ಈ ಕೆಲಸವನ್ನು ಮಾಡಲೇಕೂಡದು. ಹದಗೊಳಿಸಿದ ಪ್ರೊಪೆಲ್ಲರನ್ನು ಬೆಲೆ ಕೊಟ್ಟು ತರಿಸುವುದಕ್ಕೆ ಇದೊಂದೇ ಕಾರಣವು ಸಾಕೆಂದು ನಮ್ಮ ಅಭಿಪ್ರಾಯ. ಅಷ್ಟು ವೆಚ್ಚಮಾಡಲಾರದವರಿಗೆ ಪ್ಲಾಸ್ಟಿಕ್ಕಿನವೂ, ಯಂತ್ರದಿಂದಲೇ ಕಡೆದು ಸಿದ್ಧಪಡಿಸಿದ ಅಲ್ಯುಮಿನಿಯಮಿನವೂ ಉಂಟು.

ಕೆಲಸಗಾರನಿಗೆ ಬರೆಯುವಾಗ “ಎಲ್ಲಕ್ಕಿಂತ ಉತ್ತಮವಾದುದನ್ನು ಕಳುಹಿಸಿರಿ” ಎಂದರೆ ಪ್ರಯೋಜನವಿಲ್ಲ. ರೋಗಿಯನ್ನು ನೋಡದೆ ವೈದ್ಯನು ಮದ್ದು ಕೊಡುವುದು ಹೇಗೆ? ಆದುದರಿಂದ ಈ ಸಂಗತಿಗಳನ್ನು ತಪ್ಪದೆ ತಿಳಿಸತಕ್ಕದ್ದು: ದೋಣಿಯ ಉದ್ದ ಮತ್ತು ತೂಕ, ಮೋಟಾರು ಒಂದು ವೋಲ್ಟಿಗೆ ಎಷ್ಟು ಸುತ್ತಿನದು, ಬ್ಯಾಟರಿಯು ಎಷ್ಟು ವೋಲ್ಟಿನದು, ಅಚ್ಚಿನ ದಪ್ಪವು 3/16 ಇಂಚೋ, 1/4 ಇಂಚೋ, ಬೇರೆಯೋ, ಪ್ರೊಪೆಲ್ಲರು ಪೂರ್ತಿಯಾಗಿ ನೀರಿನಲ್ಲಿ ಮುಳುಗಿರುವುದೋ, ಅರ್ಧ ಮಾತ್ರ ಮುಳುಗಿ ನೀರಿನ ಮೈಯನ್ನು ಸೀಳುವುದೋ, ಹಿಂದಿನಿಂದ ನೋಡಿದಾಗ ಎಡಕ್ಕೆ ತಿರುಗುವುದೋ, ಬಲಕ್ಕೋ. ಜೋಡಿ ಪ್ರೊಪೆಲ್ಲರುಗಳಾದರೆ ಒಂದು ಎಡಕ್ಕೂ ಇನ್ನೊಂದು ಬಲಕ್ಕೂ ತಿರುಗತಕ್ಕವುಗಳಾಗಿ ಒಂದೇ ಅಳತೆಯಲ್ಲಿರಬೇಕೆಂದು ಬರೆಯಬೇಕು. ಈಗ ಹಾಕಿರುವ ಪ್ರೊಪೆಲ್ಲರು ಯಾವುದು, ಅದರಲ್ಲಿ ಕಂಡ ಕೊರತೆಯೇನು ಎಂಬುದನ್ನೂ ಸೇರಿಸಿದರೆ ಕೆಲಸಗಾರನ ಅರ್ಧ ಶ್ರಮವು ಕಳೆಯುವುದು.

ಪ್ರೊಪೆಲ್ಲರು ಬಂದ ಮೇಲೆ ಅದನ್ನು ನಯವಾದ ತೆಳು ಅಚ್ಚಿನ ಮೇಲೆ ಅಡ್ಡವಾಗಿ ಹಿಡಿದು ತೂಕವನ್ನು ಪರೀಕ್ಷಿಸಿರಿ. ಹೇಗೆ ನಿಲ್ಲಿಸಿದರೂ ಹಾಗೆಯೇ ನಿಂತರೆ ಅದು ಸರಿಯಾದುದು, ಪ್ರತಿಸಾರಿಯೂ ಒಂದೇ ಅಲಗು ಕೆಳಗಾದರೆ ಹಿಂದಕ್ಕೆ ಕಳುಹಿಸಿರಿ. ಅಂಚುಗಳು ಕ್ಷೌರದ ಕತ್ತಿಯಂತೆ ಹರಿತವಾದುದರಿಂದ ಬಟ್ಟೆಯಿಂದಲೇ ಹಿಡಿಯಿರಿ. ಬ್ಯಾಟರಿಯನ್ನು ಬಿಚ್ಚದೆ ಎಂದಿಗೂ ಮುಟ್ಟಬೇಡಿರಿ. ಮೊದಲನೆಯ ಓಟವು ಒಂದು ನಿಮಿಷಕ್ಕೆ ಮೀರದಿರಲಿ; ದೋಣಿಯನ್ನು ದಡಕ್ಕೆ ತಂದು ಮೋಟಾರಿನ ಬಿಸಿಯನ್ನು ನೋಡಿರಿ. ಮುಟ್ಟಲಾರದಷ್ಟು ಕಾದಿದ್ದರೆ ಪ್ರೊಪೆಲ್ಲರು ಅದಕ್ಕೆ ದೊಡ್ಡದಾಯಿತೆಂದು ತಿಳಿದು ಚಿಕ್ಕದನ್ನು ಹಾಕಿರಿ. ಪ್ರತಿಯೊಂದು ಓಟದ ವಿವರವನ್ನೂ ಪುಸ್ತಕದಲ್ಲಿ ಬರೆದಿಡಿರಿ. ಮುಂದಿನ ಬೇಡಿಕೆಯ ಪತ್ರಕ್ಕೆ ಅದೇ ಆಧಾರವಾಗುವುದು.

ನಮ್ಮ ಮನೆಯ ಆ ಮಗುವು ಈಗ ದೊಡ್ಡವಳಾಗಿ ತನ್ನ ದೋಣಿಯನ್ನು ತಾನೇ ಕಟ್ಟುತ್ತಿರುವಳು. ಅವಳ ಪೆಟ್ಟಿಗೆಯಲ್ಲಿ ಅರವಿಲ್ಲ. ಅಳತೆಗೋಲೂ ಬರೆಯುವ ಪುಸ್ತಕವೂ ಇವೆ.