ಹಿಮದಲ್ಲಿ ಬೇರೂರಿದ ತಾಳೆಯ ಪಾಠ

ಸ್ವಿಟ್ಜರ್ಲೆಂಡ್ ಸರ್ಕಾರವು 2024ರ ಸೆಪ್ಟೆಂಬರ್ 1ರಿಂದ ಕೆಲವು ಅಲಂಕಾರಿಕ ಗಿಡಮರಗಳ ಮಾರಾಟವನ್ನು ನಿಷೇಧಿಸಿತು. ಅವುಗಳಲ್ಲಿ ತಾಳೆ ಜಾತಿಯ ಮರವೊಂದೂ ಇದೆ. ಹಿಮ ಹೊದ್ದ ಆಲ್ಪ್ಸ್ ಪರ್ವತಗಳ ನಾಡಿಗೂ ತೆಂಗು, ಅಡಿಕೆ, ಈಚಲುಗಳ ಬಳಗದ ಮರಕ್ಕೂ ಏನು ಸಂಬಂಧವೆಂದು ಓದುಗರಿಗೆ ಅನ್ನಿಸಬಹುದು. ಸಂಬಂಧವಿದೆ, ಅದರಲ್ಲಿ ನಮಗೂ ಒಂದು ಪಾಠವಿದೆ.

ಈ ಮರದ ಸಸ್ಯಶಾಸ್ತ್ರೀಯ ಹೆಸರು ಟ್ರಾಕಿಕಾರ್ಪಸ್ ಫಾರ್ಚೂನಿ. ಚೀನಾದ ಗುಡ್ಡಗಾಡು ಇದರ ತವರು. ಅಲ್ಲಿನ ರೈತರು ಇದರ ಕಾಂಡವನ್ನು ಸುತ್ತಿದ ನಾರಿನಿಂದ ಹಗ್ಗ, ಪೊರಕೆಗಳನ್ನೂ ನಮ್ಮ ಮಲೆನಾಡಿನ ಗೊರಬಿನಂಥ ಮಳೆಹೊದಿಕೆಯನ್ನೂ ಮಾಡಿಕೊಳ್ಳುತ್ತಿದ್ದರು. ಚೀನಾದ ಚಹಾ ಗಿಡಗಳನ್ನು ಭಾರತಕ್ಕೆ ಸಾಗಿಸಿದ ರಾಬರ್ಟ್ ಫಾರ್ಚೂನ್ 1849ರಲ್ಲಿ ಇದರ ಸಸಿಗಳನ್ನು ಇಂಗ್ಲೆಂಡಿಗೆ ಕಳುಹಿಸಿದ. ಅದಕ್ಕೆ ಒಂದು ವರ್ಷ ಮೊದಲಷ್ಟೇ ಲಂಡನ್ನಿನ ಕ್ಯೂ ಉದ್ಯಾನದಲ್ಲಿ ತಾಳೆಗಳಿಗೆಂದೇ ಗಾಜಿನ ಭವನವೊಂದು ಪೂರ್ಣಗೊಂಡಿತ್ತು. ಉಷ್ಣವಲಯದ ಮರಗಳನ್ನು ಬದುಕಿಸಲು ಅಲ್ಲಿ ಕಲ್ಲಿದ್ದಲು ಉರಿಸಬೇಕಿತ್ತು. ಹೊಸ ಅತಿಥಿಯಾದರೋ ಬಯಲಿನಲ್ಲೇ ಚಳಿಗಾಲ ಕಳೆಯಿತು.

ತಾಳೆ ಜಾತಿಯ ಬಹುಪಾಲು ಮರಗಳಿಗೆ ಇರುವುದು ಒಂದೇ ಸುಳಿ. ಮಾವು, ಹುಣಸೆಗಳಂತೆ ಒಂದು ಕೊಂಬೆ ಒಣಗಿದರೆ ಮತ್ತೊಂದು ಕಡೆ ಚಿಗುರುವ ಅವಕಾಶ ಅವಕ್ಕಿಲ್ಲ. ಸುಳಿ ಕೊಳೆತರೆ ಮರವೇ ಹೋದಂತೆ ಎಂಬುದನ್ನು ನಮ್ಮ ತೆಂಗು, ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಶೀತದೇಶಗಳ ಹವ್ಯಾಸಿಗಳ ಶ್ರಮವೆಲ್ಲ ಈ ಸುಳಿಯ ರಕ್ಷಣೆಗಾಗಿಯೇ. ಬರಿಯ ಚಳಿಗಿಂತ, ಚಳಿಯೊಡನೆ ಕೂಡಿದ ತೇವ ಹೆಚ್ಚು ಅಪಾಯಕಾರಿ. ಆದ್ದರಿಂದ ನೀರು ಬಸಿದುಹೋಗುವ ಮಣ್ಣು, ಬಿಸಿಲು ಬೀಳುವ ಗೋಡೆಯ ಆಸರೆ, ಬುಡಕ್ಕೆ ದಪ್ಪನೆಯ ತರಗೆಲೆ ಹೊದಿಕೆ ಇವೆಲ್ಲ ಬೇಕು. ಕಡುಚಳಿಯಲ್ಲಿ ಗರಿಗಳನ್ನು ಒಟ್ಟಿಗೆ ಕಟ್ಟಿ, ಒಣಹುಲ್ಲು ಸುತ್ತಿ, ಸುಳಿಗೆ ನೀರಿಳಿಯದಂತೆ ಮೇಲೊಂದು ಮುಚ್ಚಿಗೆ ಹಾಕುತ್ತಾರೆ. ಚೆನ್ನಾಗಿ ಬೇರೂರಿದ ಮರ ಸೊನ್ನೆಗಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ಅಲ್ಪಕಾಲ ತಾಳಿಕೊಳ್ಳಬಲ್ಲದು.

ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚಿನೊ ಪ್ರಾಂತ್ಯದಲ್ಲಿ ಈ ಮರಕ್ಕೆ ಇಷ್ಟೆಲ್ಲ ಉಪಚಾರ ಬೇಕಾಗಲಿಲ್ಲ. ಲುಗಾನೊ, ಮಾಜೊರೆ ಸರೋವರಗಳ ದಡದಲ್ಲಿ ಅದು ಪ್ರವಾಸಿಗರನ್ನು ಸೆಳೆಯುವ ಸಂಕೇತವೇ ಆಯಿತು. ಕಳೆದ ಕೆಲವು ದಶಕಗಳಲ್ಲಿ ಚಳಿಗಾಲ ಸೌಮ್ಯವಾಗುತ್ತ ಬಂದಂತೆ, ಹಕ್ಕಿಗಳು ಹರಡಿದ ಬೀಜಗಳು ಕಾಡಿನಲ್ಲಿ ಮೊಳೆತು ಉಳಿಯತೊಡಗಿದವು. ಇಂದು ಅಲ್ಲಿನ ಕೆಲವು ಕಾಡುಗಳ ತಳದಲ್ಲಿ ತಾಳೆಯ ಸಸಿಗಳೇ ದಟ್ಟವಾಗಿವೆ. ಅವುಗಳ ನೆರಳಿನಲ್ಲಿ ಸ್ಥಳೀಯ ಮರಗಳ ಸಸಿಗಳು ಮೇಲೇಳುವುದು ಕಷ್ಟ.

ಎಂ.ಎ. ತರಗತಿಯಲ್ಲಿ ನಾವು ಓದಿದ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲೇ ಇಂಥ ಸಮಸ್ಯೆಯನ್ನು ಚರ್ಚಿಸಿದ್ದ. ಒಬ್ಬರ ಲಾಭ ಅಥವಾ ಸಂತೋಷದ ವೆಚ್ಚವನ್ನು ಮತ್ತೊಬ್ಬರು ಭರಿಸಬೇಕಾಗಿ ಬಂದರೆ, ಮಾರುಕಟ್ಟೆಯ ಬೆಲೆ ಸತ್ಯವನ್ನು ಹೇಳುವುದಿಲ್ಲ. ನರ್ಸರಿಯಲ್ಲಿ ಸಸಿಗೆ ತೆತ್ತ ಹಣದಲ್ಲಿ ಕಾಡನ್ನು ಸ್ವಚ್ಛಗೊಳಿಸುವ ಖರ್ಚು ಸೇರಿರುವುದಿಲ್ಲ. ಸ್ವಿಸ್ ಆದೇಶದ ವಿವೇಕ ನನಗೆ ಮೆಚ್ಚುಗೆಯಾಗಿದೆ. ಅಂಗಳದಲ್ಲಿ ಈಗಾಗಲೇ ಇರುವ ಮರವನ್ನು ಕಡಿಯಿರೆಂದು ಅದು ಹೇಳುವುದಿಲ್ಲ. ಹೊಸ ಮಾರಾಟವನ್ನು, ಆಮದನ್ನು ತಡೆಯುತ್ತದೆ. ಹಣ್ಣಾಗುವ ಮೊದಲೇ ಗೊನೆಗಳನ್ನು ಕತ್ತರಿಸಿದರೆ ಬೀಜ ಹರಡುವುದೂ ನಿಲ್ಲುತ್ತದೆ. ಮನೆಮನೆಗೆ ನುಗ್ಗುವ ಆದೇಶಗಳಿಗಿಂತ ನರ್ಸರಿಯ ಬಾಗಿಲಲ್ಲಿ ನಿಲ್ಲುವ ಆದೇಶವನ್ನು ಜಾರಿಗೊಳಿಸುವುದು ಸುಲಭವೆಂಬುದು ಆಡಳಿತದ ಅನುಭವ ಇರುವವರಿಗೆಲ್ಲ ಗೊತ್ತು. ಆದರೆ ಇದು ಬಂದದ್ದು ಮರ ಕಾಡು ಹೊಕ್ಕ ಮೇಲೆ.

ಇದೇ ಕುಲದ ಮತ್ತೊಂದು ಮರ ನಮ್ಮ ದೇಶದ್ದೇ. ಉತ್ತರಾಖಂಡದ ಪಿಥೋರಗಢದ ಬಳಿ, 2000 ಮೀಟರಿಗೂ ಎತ್ತರದ, ಚಳಿಗಾಲದಲ್ಲಿ ಹಿಮ ಬೀಳುವ ಬೆಟ್ಟಗಳಲ್ಲಿ ಟ್ರಾಕಿಕಾರ್ಪಸ್ ಟಾಕಿಲ್ ಬೆಳೆಯುತ್ತದೆ. ಇಟಲಿಯ ಸಸ್ಯಶಾಸ್ತ್ರಜ್ಞ ಬೆಕಾರಿ 1905ರಲ್ಲಿ ಅದಕ್ಕೆ ಈ ಹೆಸರಿಟ್ಟ. ಯುರೋಪಿನ ತೋಟಗಾರರು ಅದರ ಬೀಜಕ್ಕಾಗಿ ಹಂಬಲಿಸುತ್ತಾರೆ; ತವರಿನಲ್ಲಿ ಅದು ವಿರಳವಾಗಿದೆ. ಪರಸ್ಥಳದ ಮರವೊಂದು ಕಾಡು ತುಂಬುತ್ತಿರುವಾಗ ಅದರ ಸೋದರ ಸ್ವಂತ ಬೆಟ್ಟದಲ್ಲೇ ಕರಗುತ್ತಿದೆ.

ನಾವಾದರೂ ಎಚ್ಚರವಾಗಿದ್ದೇವೆಯೇ? ಒಂದು ಕಾಲಕ್ಕೆ ಹೂವಿನ ಅಂದಕ್ಕೆಂದು ಭಾರತಕ್ಕೆ ತಂದ ಲಂಟಾನ ಇಂದು ಬಂಡೀಪುರದ ಕಾಡಿನಲ್ಲಿ ಜಿಂಕೆ, ಕಾಟಿಗಳ ಮೇವಿನ ನೆಲವನ್ನು ಆಕ್ರಮಿಸಿದೆ. ಅದನ್ನು ಕಿತ್ತುಹಾಕುವ ವೆಚ್ಚವನ್ನು ತೆರಿಗೆದಾರರೇ ಭರಿಸಬೇಕು. ಹೀಗಿದ್ದೂ ಬೆಂಗಳೂರಿನ ಹೊಸ ಬಡಾವಣೆಗಳ ಹೆಬ್ಬಾಗಿಲುಗಳಲ್ಲಿ ಹೊರನಾಡಿನ ತಾಳೆಗಳನ್ನು ಸಾಲಾಗಿ ನೆಡುವವರು, ಗಿಡ ಬದುಕೀತೇ ಎಂದಷ್ಟೇ ವಿಚಾರಿಸುತ್ತಾರೆ. ಅಲಂಕಾರಕ್ಕೆ ತಂದ ಗಿಡಗಳೆಲ್ಲ ಕಾಡು ಹೊಗುವುದಿಲ್ಲ ನಿಜ. ಹೊಗಬಲ್ಲವು ಯಾವುವೆಂಬುದನ್ನು ಪರೀಕ್ಷಿಸಿ, ಮಾರಾಟಕ್ಕೆ ಮೊದಲೇ ಪಟ್ಟಿ ಮಾಡುವುದು ತೋಟಗಾರಿಕೆ ಮತ್ತು ಅರಣ್ಯ ಇಲಾಖೆಗಳು ಕೂಡಿ ಮಾಡಬಹುದಾದ, ಹೆಚ್ಚು ಖರ್ಚಿಲ್ಲದ ಕೆಲಸ. ಗಿಡ ಬದುಕದಿದ್ದರೆ ನಷ್ಟ ನೆಟ್ಟವನದು. ಮಿತಿಮೀರಿ ಬದುಕಿದರೆ ನಷ್ಟ ನಾಡಿನದು.