ಮರೂಲಾ ಮರವೂ ಅದರ ಪರಿಮಳವೂ

ಆಫ್ರಿಕಾ ಖಂಡದ ದಕ್ಷಿಣ ಭಾಗದ ಬಯಲುಗಾಡುಗಳಲ್ಲಿ ಮರೂಲಾ ಎಂಬ ಕಾಡುಮರವುಂಟು. ಇದು ನಮ್ಮ ಮಾವು, ಗೇರುಗಳ ಕುಟುಂಬಕ್ಕೆ ಸೇರಿದುದು. ಅಲ್ಲಿಯ ರೈತರು ಹೊಲಕ್ಕಾಗಿ ಕಾಡನ್ನು ಸವರುವಾಗಲೂ ಇದನ್ನು ಉಳಿಸಿಕೊಳ್ಳುವ ವಾಡಿಕೆಯುಂಟು.

ಇದರ ಕಾಯಿಗಳು ಹಸುರಾಗಿರುವಾಗಲೇ ಉದುರಿ, ನೆಲದ ಮೇಲೆ ಹಳದಿಗೆ ತಿರುಗಿ ಹಣ್ಣಾಗುವುವು. ಆಗ ಹೊರಡುವ ಗಾಢವಾದ ವಾಸನೆಯು ಸುಗಂಧದ್ರವ್ಯ ತಯಾರಕರನ್ನು ಆಕರ್ಷಿಸಿದೆ. ಆದರೆ ಗಂಧದ ಮರದಿಂದ ತೈಲವನ್ನು ಇಳಿಸುವಂತೆ ರಸಭರಿತ ಹಣ್ಣಿನಿಂದ ಪರಿಮಳವನ್ನು ಇಳಿಸುವುದು ಸುಲಭವಲ್ಲ. ಆದುದರಿಂದ ಹಣ್ಣಿನ ಸುತ್ತಣ ಗಾಳಿಯನ್ನು ಸಂಗ್ರಹಿಸಿ, ಅದರ ಅಂಶಗಳನ್ನು ಪರೀಕ್ಷಿಸಿ, ಬೇರೆ ದ್ರವ್ಯಗಳ ಮಿಶ್ರಣದಿಂದ ಅದೇ ವಾಸನೆಯನ್ನು ಉಂಟುಮಾಡುವ ಕ್ರಮವುಂಟು. ಹೀಗೆ ಮಾಡಿದಲ್ಲಿ ಸೀಸೆಯ ಮೇಲೆ ಮರದ ಹೆಸರಿದ್ದರೂ ಮರವನ್ನು ಕಾಪಾಡಿದವನಿಗೆ ಅದರಿಂದ ಕಾಸೂ ಬಾರದು.

ಅವನಿಗೆ ಆದಾಯವು ಹಣ್ಣು ಮತ್ತು ಬೀಜಗಳಿಂದಲೇ. ತಿರುಳಿನಿಂದ ಪಾನೀಯಗಳನ್ನು ಮಾಡುವರು. ಅಮರೂಲಾ ಎಂಬ ಮದ್ಯವು 1989ರಿಂದ ಮಾರಾಟದಲ್ಲಿದೆ. ಗಟ್ಟಿಯಾದ ಗೊರಟನ್ನು ಹೆಂಗಸರು ಕಲ್ಲಿನಿಂದ ಒಡೆದು ಬೀಜ ತೆಗೆಯುವರು. ಅದರ ಎಣ್ಣೆಯು ಬೇಗ ಕಮಟು ಹಿಡಿಯದುದರಿಂದ ಮೈಗೆ ಹಚ್ಚುವ ಲೇಪನಗಳಿಗೆ ಸಲ್ಲುವುದು.

ಮರೂಲಾದಲ್ಲಿ ಗಂಡುಮರ, ಹೆಣ್ಣುಮರಗಳು ಬೇರೆಬೇರೆ. ಫಲ ಬಿಡದೆಂದು ಗಂಡುಮರಗಳನ್ನೆಲ್ಲ ಕಡಿದರೆ ಹೆಣ್ಣುಮರಗಳ ಫಸಲೂ ಕೆಡುವುದು. ದಕ್ಷಿಣ ಆಫ್ರಿಕಾ ದೇಶದಲ್ಲಿ 1998ರ ಅರಣ್ಯ ಶಾಸನದ ಮೇರೆಗೆ ಇದು ರಕ್ಷಿತ ಮರ, ಅಪ್ಪಣೆಯಿಲ್ಲದೆ ಕಡಿಯಕೂಡದು.

ಪಟೇಲರೂ ಜಮೀನುದಾರರೂ ಇದರಿಂದ ಗ್ರಹಿಸತಕ್ಕ ಅಂಶಗಳು ಎರಡು: ಬದುವಿನ ಕಾಡುಮರದ ಉಪಯೋಗವನ್ನು ತಿಳಿಯುವ ಮೊದಲು ಅದಕ್ಕೆ ಕೊಡಲಿ ಹಾಕಬಾರದು, ಮರದ ಹೆಸರು ಪ್ರಸಿದ್ಧವಾದ ಮಾತ್ರಕ್ಕೆ ಲಾಭ ಕೈಸೇರಿತೆಂದೂ ನಂಬಬಾರದು.