ಹಳೆಯ ಚೌಕ, ಹೊಸ ಅಗಲ: ಅನಿಮೆ ತುಣುಕುಗಳನ್ನು ಕೂಡಿಸುವ ಲೆಕ್ಕ

ಹೊಳೆನರಸೀಪುರದಿಂದ ಹಾಸನಕ್ಕೋ ಮೈಸೂರಿಗೋ ರೈಲಿನಲ್ಲಿ ಓಡಾಡುವ ಕಾಲೇಜು ಮಕ್ಕಳ ಮೊಬೈಲುಗಳಲ್ಲಿ ಈಗ ಜಪಾನಿನ ಅನಿಮೆ ಧಾರಾಳವಾಗಿ ಕಾಣುತ್ತದೆ. ಕೆಲವರು ನೋಡಿ ಸುಮ್ಮನಾಗುವುದಿಲ್ಲ. ಇಷ್ಟದ ದೃಶ್ಯಗಳನ್ನು ಕತ್ತರಿಸಿ, ಕನ್ನಡದ ಹಾಡೊಂದಕ್ಕೆ ತಾಳ ತಪ್ಪದಂತೆ ಕೂಡಿಸಿ, ಮೂರು ನಿಮಿಷದ ವಿಡಿಯೊ ಮಾಡಿ ಗೆಳೆಯರಿಗೆ ಕಳಿಸುತ್ತಾರೆ. ಅಂಥದೊಂದನ್ನು ಮೊನ್ನೆ ನೋಡಿದೆ. ಲಯ ಚೆನ್ನಾಗಿತ್ತು, ದೃಶ್ಯಗಳ ಆಯ್ಕೆಯೂ ಚೆನ್ನಾಗಿತ್ತು. ಆದರೆ 'ಡ್ರಾಗನ್ ಬಾಲ್ ಝಡ್'ನ ಚೆಂಡು ಬಂದಾಗ ಅದು ಅಡ್ಡ ಮಲಗಿಸಿದ ಕೋಳಿಮೊಟ್ಟೆಯ ಹಾಗಿತ್ತು. ಚೆಂಡು ಬಿಡಿಸಿದ ಕಲಾವಿದ ಅದನ್ನು ದುಂಡಗೇ ಬಿಡಿಸಿದ್ದ. ಮೊಟ್ಟೆ ಮಾಡಿದ್ದು ಎಡಿಟಿಂಗ್ ಆ್ಯಪ್‌ನ ಒಂದು ಗುಂಡಿ.

ಈ ಹವ್ಯಾಸ ಹೊಸದಲ್ಲ. 1980ರ ದಶಕದ ಆರಂಭದಲ್ಲೇ ಅಮೆರಿಕದ ಜಿಮ್ ಕಪೋಸ್ಟಾಜ್ ಎರಡು ವಿಸಿಆರ್ ಜೋಡಿಸಿಕೊಂಡು 'ಸ್ಪೇಸ್ ಬ್ಯಾಟಲ್‌ಶಿಪ್ ಯಮಾಟೊ'ದ ದೃಶ್ಯಗಳಿಗೆ ಬೀಟಲ್ಸ್ ಹಾಡು ಕೂಡಿಸಿದ್ದರು. ಅವರಿಗೆ ಚೌಕಟ್ಟಿನ ಆಕಾರದ ತಲೆನೋವು ಇರಲಿಲ್ಲ. ಆಗ ಟಿವಿ ಎಂದರೆ ಅಗಲ ನಾಲ್ಕು ಪಾಲು, ಎತ್ತರ ಮೂರು ಪಾಲು. ಥಾಮಸ್ ಎಡಿಸನ್‌ನ ಪ್ರಯೋಗಾಲಯದಲ್ಲಿ ವಿಲಿಯಂ ಡಿಕ್ಸನ್ 35 ಮಿಲಿಮೀಟರ್ ಫಿಲ್ಮಿನ ಮೇಲೆ ನಾಲ್ಕು ತೂತುಗಳ ಎತ್ತರಕ್ಕೆ ಒಂದು ಚಿತ್ರ ಎಂದು ಗೊತ್ತುಮಾಡಿದಾಗ ಹುಟ್ಟಿದ ಆಕಾರ ಅದು. ಟಿವಿ ಅದನ್ನೇ ಎತ್ತಿಕೊಂಡಿತು. 1993ರಲ್ಲಿ ದೂರದರ್ಶನದಲ್ಲಿ ಬಂದ 'ಜಂಗಲ್ ಬುಕ್' ನೆನಪಿದೆಯಲ್ಲ? ಅದೂ ಜಪಾನಿನಲ್ಲೇ ತಯಾರಾದ ಅನಿಮೆ, ಅದೂ 4:3.

ಟಿವಿ ಮನೆಗೆ ಬಂದು ಜನ ಥಿಯೇಟರಿಗೆ ಬರುವುದು ಕಡಿಮೆಯಾದಾಗ ಸಿನಿಮಾ ಅಗಲವಾಯಿತು. ಫ್ರಾನ್ಸಿನ ಹೆನ್ರಿ ಕ್ರೆಟಿಯಾನ್ ರೂಪಿಸಿದ್ದ ಮಸೂರ ದೃಶ್ಯವನ್ನು ಅಡ್ಡಡ್ಡವಾಗಿ ಅರ್ಧಕ್ಕೆ ಹಿಂಡಿ ಅದೇ 35 ಮಿಲಿಮೀಟರ್ ಫಿಲ್ಮಿಗೆ ಇಳಿಸುತ್ತಿತ್ತು. ಪ್ರೊಜೆಕ್ಟರಿನ ಮುಂದಿನ ಇನ್ನೊಂದು ಮಸೂರ ಅದನ್ನು ಮತ್ತೆ ಎರಡರಷ್ಟು ಬಿಡಿಸುತ್ತಿತ್ತು. ಇದೇ ಸಿನಿಮಾಸ್ಕೋಪ್. 1953ರ 'ದಿ ರೋಬ್' ಇದರ ಮೊದಲ ಚಿತ್ರ. ಭಾರತದಲ್ಲಿ 1959ರ 'ಕಾಗಜ್ ಕೆ ಫೂಲ್', ಕನ್ನಡದಲ್ಲಿ 1977ರ 'ಸೊಸೆ ತಂದ ಸೌಭಾಗ್ಯ'. ಸ್ಕೋಪ್ ಚಿತ್ರಗಳು ಹಳೆಯ ಟಿವಿಯಲ್ಲಿ ಬಂದಾಗ ಹೆಸರು ತೋರಿಸುವ ಹೊತ್ತಿನಲ್ಲಿ ನಟರೆಲ್ಲ ಸಣ್ಣಗೆ ಉದ್ದುದ್ದ ಕಾಣುತ್ತಿದ್ದರು, ಆಮೇಲೆ ಸರಿಹೋಗುತ್ತಿದ್ದರು. ಹಿಂಡಿದ ಚಿತ್ರವನ್ನು ಬಿಡಿಸದೆ ಹಾಗೇ ಬಿಟ್ಟರೆ ಅಕ್ಷರಗಳು ಪೂರ್ತಿ ಕಾಣುತ್ತವೆಂದು ಹಾಗೆ ಮಾಡುತ್ತಿದ್ದರು.

ಈಗಿನ ಟಿವಿಯ 16:9 ಒಂದು ರಾಜಿಯ ಫಲ. 1980ರ ದಶಕದಲ್ಲಿ ಕರ್ನ್ಸ್ ಪವರ್ಸ್ ಎಂಬ ಎಂಜಿನಿಯರ್ ಬಳಕೆಯಲ್ಲಿದ್ದ ಆಕಾರಗಳನ್ನೆಲ್ಲ ಒಂದರ ಮೇಲೊಂದಿಟ್ಟು ಲೆಕ್ಕ ಹಾಕಿದರು. ಅಗಲವನ್ನು ಎತ್ತರದಿಂದ ಭಾಗಿಸಿದಾಗ ಸಿಗುವ ಹಳೆಯ 1.33 ಮತ್ತು ಸ್ಕೋಪಿನ 2.35, ಇವೆರಡನ್ನು ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 1.77 ಬರುತ್ತದೆ. ಅದೇ 16:9. ಎರಡು ಕೊನೆಗಳಿಗೂ ಸಮನಾದ ನಷ್ಟ ಎಂಬ ನ್ಯಾಯ ಇದರೊಳಗಿದೆ. 'ಒನ್ ಪೀಸ್' 1999ರಲ್ಲಿ 4:3ರಲ್ಲಿ ಶುರುವಾಗಿ 2004ರಲ್ಲಿ, 207ನೇ ಕಂತಿನಿಂದ, 16:9ಕ್ಕೆ ಬಂತು. 1995ರ 'ಇವ್ಯಾಂಜೆಲಿಯನ್' ಸರಣಿ 4:3. ಅದೇ ಕಥೆಯ 2012ರ ಸಿನಿಮಾ ಸ್ಕೋಪಿನಷ್ಟು ಅಗಲ. ಒಬ್ಬನೇ ನಾಯಕನ ಬಾಲ್ಯ ಮತ್ತು ಯೌವನವನ್ನು ಒಂದು ಹಾಡಿನಲ್ಲಿ ತೋರಿಸಹೊರಟರೂ ಎರಡು ಆಕಾರಗಳು ಎದುರಾಗುತ್ತವೆ.

ಇನ್ನು ಲೆಕ್ಕ. ನಿಮ್ಮ ವಿಡಿಯೊ 1920×1080 ಪಿಕ್ಸೆಲ್ ಇರಲಿ. 4:3ರ ತುಣುಕು ಅದರೊಳಗೆ 1440 ಅಗಲಕ್ಕೆ ಕೂರುತ್ತದೆ, ಎರಡೂ ಬದಿಗೆ 240ರಂತೆ ಕಪ್ಪು ಪಟ್ಟಿ ಉಳಿಯುತ್ತದೆ. ಆ ಕಪ್ಪನ್ನು ಮುಚ್ಚಲು ಚಿತ್ರವನ್ನು ಎಳೆದರೆ ಎಲ್ಲರೂ ಮೂರನೇ ಒಂದರಷ್ಟು ದಪ್ಪಗಾಗುತ್ತಾರೆ. ಎಳೆಯದೆ ದೊಡ್ಡದು ಮಾಡಿದರೆ ಎತ್ತರದಲ್ಲಿ ಕಾಲುಭಾಗ ಹೊರಗೆ ಹೋಗುತ್ತದೆ. ಸ್ಕೋಪ್ ತುಣುಕನ್ನು 16:9ಕ್ಕೆ ತುಂಬಿಸಿದರೆ ಅಗಲದಲ್ಲಿ ಹೆಚ್ಚುಕಡಿಮೆ ಕಾಲುಭಾಗ ಹೋಗುತ್ತದೆ. ಪವರ್ಸ್ ಹಂಚಿದ ನಷ್ಟ ಇದೇ. ಸಿನಿಮಾದಂತೆ ಕಾಣಲೆಂದು ಇಡೀ ವಿಡಿಯೊವನ್ನೇ 2.35ಕ್ಕೆ ಮಾಡುವವರಿದ್ದಾರೆ. ಆಗ 4:3ರ ದೃಶ್ಯ ನೂರಕ್ಕೆ 43ರಷ್ಟನ್ನು ಕಳೆದುಕೊಳ್ಳುತ್ತದೆ. ಅಷ್ಟು ಕಳೆದುಕೊಂಡ ಮೇಲೆ ಅದು ಕಲಾವಿದ ಬಿಡಿಸಿದ ಚಿತ್ರ ಅಲ್ಲವೆಂದೇ ನನ್ನ ಅಭಿಪ್ರಾಯ.

ಅನಿಮೆಯಲ್ಲಿ ಇದು ಮತ್ತೂ ಸೂಕ್ಷ್ಮ. ಕ್ಯಾಮೆರಾಗೆ ಅಕಸ್ಮಾತ್ ಸಿಕ್ಕಿದ್ದು ಎಂಬುದು ಅಲ್ಲಿ ಏನೂ ಇಲ್ಲ. ಮೂಲೆಯಲ್ಲಿರುವ ಮೋಡವನ್ನೂ ಯಾರೋ ಕೂತು ಅಲ್ಲೇ ಇರಲೆಂದು ಬಿಡಿಸಿರುತ್ತಾರೆ. ಹತ್ತಿರದ ಮುಖದ ಒಂದು ದೃಶ್ಯ ತೆಗೆದುಕೊಳ್ಳಿ. 1440×1080 ಇದ್ದದ್ದನ್ನು 1920 ಅಗಲಕ್ಕೆ ಹಿಗ್ಗಿಸಿದರೆ ಎತ್ತರ 1440 ಆಗುತ್ತದೆ, 360 ಸಾಲು ಹೆಚ್ಚುವರಿ. ಆ್ಯಪ್‌ಗೆ ಬಿಟ್ಟರೆ ಮೇಲೆ 180, ಕೆಳಗೆ 180 ಕತ್ತರಿಸುತ್ತದೆ. ಕೂದಲಿನ ತುದಿ ಹೋಗುತ್ತದೆ, ಗಲ್ಲವೂ ಹೋಗುತ್ತದೆ. ನೀವೇ ಬೆರಳಿಟ್ಟು ಚಿತ್ರವನ್ನು ಪೂರ್ತಿ ಮೇಲಕ್ಕೆ ಸರಿಸಿ ನೋಡಿ: ಹಣೆ, ಕೂದಲು ಕತ್ತರಿಸಿಹೋದರೂ ಕಣ್ಣು ಬಾಯಿ ಗಲ್ಲ ಉಳಿದರೆ ಆ ಮುಖದ ಸಿಟ್ಟು, ಅಳು ಎಲ್ಲ ಉಳಿಯುತ್ತದೆ. ಕೈಯಲ್ಲಿ ಕತ್ತಿ ಎತ್ತಿದ ದೃಶ್ಯವಾದರೆ ಲೆಕ್ಕ ತಿರುಗುಮುರುಗಾಗಿ ಕೆಳಭಾಗ ಬಿಡಬೇಕಾಗುತ್ತದೆ. ಹೀಗೆ ಒಂದೊಂದು ದೃಶ್ಯಕ್ಕೂ ಬೇರೆ ತೀರ್ಮಾನ. ಬೇಸರದ ಕೆಲಸ ನಿಜ, ಆದರೆ ಒಳ್ಳೆಯ ವಿಡಿಯೊ ಹುಟ್ಟುವುದು ಇಲ್ಲೇ.

ಅನಿಮೆ ಕೊಡುವ ಒಂದು ಅನುಕೂಲವೂ ಇದೆ. ಪಾತ್ರದ ಕಾಲಿನಿಂದ ತಲೆವರೆಗೆ, ಅಥವಾ ಊರಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಕ್ಯಾಮೆರಾ ಸರಿಯುವ ದೃಶ್ಯಗಳು ಅದರಲ್ಲಿ ಹೇರಳ. ಅಲ್ಲಿ ಇರುವುದು ಬಹುಪಾಲು ಒಂದೇ ಉದ್ದನೆಯ ಚಿತ್ರ, ಸರಿಯುವುದು ಚೌಕಟ್ಟು ಮಾತ್ರ. ಅಡ್ಡಡ್ಡ ಸರಿಯುವ ದೃಶ್ಯದ ಫ್ರೇಮುಗಳನ್ನು ಅಕ್ಕಪಕ್ಕ ಇಟ್ಟು ಹೊಂದಿಸಿದರೆ ಪೂರ್ತಿ ಚಿತ್ರ ಕೈಗೆ ಸಿಗುತ್ತದೆ. ಆಗ 4:3ರ ದೃಶ್ಯವನ್ನು ಏನೂ ಕತ್ತರಿಸದೆ 16:9ರ ಅಗಲಕ್ಕೆ ತೋರಿಸಬಹುದು. ನಟರನ್ನಿಟ್ಟು ತೆಗೆದ ಸಿನಿಮಾದಲ್ಲಿ ಇದು ಇಷ್ಟು ಸಲೀಸಲ್ಲ.

ಮೋಸ ಹೋಗುವ ಜಾಗ ಎರಡು. ಜಪಾನಿನ ಡಿವಿಡಿಯಿಂದ ತೆಗೆದ ಹಳೆಯ ಫೈಲು 720×480 ಇರುತ್ತದೆ. ಅದರ ಪಿಕ್ಸೆಲ್‌ಗಳು ಸಮಚೌಕವಲ್ಲ. 4:3 ಆಗಲಿ 16:9 ಆಗಲಿ ಅಷ್ಟೇ ಪಿಕ್ಸೆಲ್, ಹೇಗೆ ತೋರಿಸಬೇಕೆಂಬುದು ಫೈಲಿನೊಳಗಿನ ಒಂದು ಗುರುತಿನಲ್ಲಿರುತ್ತದೆ. ಆ್ಯಪ್ ಆ ಗುರುತು ಓದದಿದ್ದರೆ 4:3ರ ಮುಖಗಳು ಎಂಟರಲ್ಲೊಂದು ಪಾಲು ದಪ್ಪಗೆ ಬರುತ್ತವೆ. ತಪ್ಪು ಸಣ್ಣದು, ಆದ್ದರಿಂದಲೇ ಕಣ್ಣಿಗೆ ಬೀಳುವುದಿಲ್ಲ. ಇನ್ನೊಂದು, ಕಪ್ಪು ಪಟ್ಟಿ ಚಿತ್ರದೊಳಗೇ ಅಚ್ಚಾಗಿರುವುದು. 4:3ರ ಪೆಟ್ಟಿಗೆಯಲ್ಲಿ ಪಟ್ಟಿ ಸಮೇತ ಕೂತ ಸ್ಕೋಪ್ ದೃಶ್ಯವನ್ನು ಹಾಗೇ 16:9ಕ್ಕೆ ಹಾಕಿದರೆ ನಾಲ್ಕೂ ಕಡೆ ಕಪ್ಪು ಬಂದು ಪರದೆಯ ನೂರಕ್ಕೆ 43 ಭಾಗದಲ್ಲಷ್ಟೇ ಚಿತ್ರ ಉಳಿಯುತ್ತದೆ. ಮೊದಲು ಆ ಪಟ್ಟಿ ಕತ್ತರಿಸಿ, ಆಮೇಲೆ ಅಳತೆ ನೋಡಿ.

ಬದಿಯ ಜಾಗಕ್ಕೆ ಅದೇ ಚಿತ್ರವನ್ನು ಮಸುಕಾಗಿಸಿ ತುಂಬುವ ರೂಢಿ ನನಗೆ ಒಪ್ಪಿಗೆಯಿಲ್ಲ. ಅನಿಮೆಯ ಬಣ್ಣಗಳು ಗಾಢ. ಜಗಳದ ದೃಶ್ಯದಲ್ಲಿ ಬದಿಗಳು ಮಿನುಗುತ್ತ ಕಣ್ಣನ್ನು ನಡುವಿನಿಂದ ಎಳೆದುಬಿಡುತ್ತವೆ. ಅದಕ್ಕಿಂತ 4:3ರ ಎರಡು ತುಣುಕುಗಳನ್ನು 960×720ರಂತೆ ಅಕ್ಕಪಕ್ಕ ಇಡಿ. ಮೇಲೆ ಕೆಳಗೆ 180ರಂತೆ ಕಪ್ಪು ಉಳಿಯುತ್ತದೆ, ನೋಟ ಜಪಾನಿನ ಚಿತ್ರಕಥೆ ಪುಸ್ತಕವಾದ ಮಾಂಗಾದ ಪುಟದ ಹಾಗಿರುತ್ತದೆ, ಎದುರಾಳಿಗಳಿಬ್ಬರನ್ನು ತೋರಿಸಲು ಬಲು ಸೊಗಸು. ಅದೂ ಆಗದಿದ್ದರೆ ಕಪ್ಪು ಪಟ್ಟಿ ಇರಲಿ ಬಿಡಿ, ನೋಡುವವರು ಕೆಲವೇ ಕ್ಷಣಗಳಲ್ಲಿ ಅದನ್ನು ಮರೆಯುತ್ತಾರೆ. ದಪ್ಪಗಾದ ಮುಖವನ್ನು ಹಾಗೆ ಮರೆಯಲಾಗುವುದಿಲ್ಲ.

ಸ್ಟೇಟಸ್‌ಗೆ, ರೀಲ್ಸ್‌ಗೆ ನಿಲುವಿನ ವಿಡಿಯೊ ಬೇಕೆನ್ನುವವರಿಗೆ ಒಂದು ಮಾತು. 16:9ರ ದೃಶ್ಯವನ್ನು 9:16ಕ್ಕೆ ಕತ್ತರಿಸಿದರೆ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ ಉಳಿಯುತ್ತದೆ. ಮುಗಿದ ವಿಡಿಯೊವನ್ನು ಕತ್ತರಿಸಲು ಹೋಗಬೇಡಿ. ಮೂಲ ತುಣುಕುಗಳಿಂದಲೇ, ಹಳೆಯ 4:3ರವನ್ನೇ ಹೆಚ್ಚು ಆರಿಸಿಕೊಂಡು, ಅದನ್ನು ಬೇರೆಯಾಗಿ ಕಟ್ಟಿ. ನಿಲುವಿನ ಚೌಕಟ್ಟಿಗೆ ಅವೇ ಚೆನ್ನಾಗಿ ಹೊಂದುತ್ತವೆ.